ನೈರೋಬಿಯ ಸಭೆಯಲ್ಲಿ ಸೇವೆಗೆ ಹೋದಾಗ ಯೌವನಸ್ಥರ ಜೊತೆ ರಜೆಯಲ್ಲಿ ಏನು ಮಾಡಬಹುದು?

ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಸಭೆಯಿಂದ, ಅಂದರೆ ಚರ್ಚಿನಿಂದ, ಕೆನ್ಯಾದ ರಾಜಧಾನಿ ನೈರೋಬಿಗೆ ಮಿಷನರಿಗಳಾಗಿ ಹೊರಟಿದ್ದೀರಿ, ಏಪ್ರಿಲ್-ಮೇ ರಜೆಯಲ್ಲಿ ಅಲ್ಲಿನ ಯೌವನಸ್ಥರಿಗೆ ಏನೇನು ಮಾಡಿಸಬಹುದು ಅಂತ ಕೇಳಿದ್ದೀರಿ. ನಾನೂ ನಮ್ಮ ಯಜಮಾನರೂ ಅದೇ ಊರಿನ ಒಂದು ಸಭೆಯಲ್ಲಿ ಸೇವೆ ಮಾಡಿ ಬಂದವರು. ಈಗ ಇಲ್ಲಿ ನಮ್ಮ ಸಭೆಯ ವಿಬಿಎಸ್ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ನೋಡಿಕೊಳ್ಳುತ್ತಿದ್ದೇನೆ.

ಮೊದಲು ನಮ್ಮ ಬೇಸಿಗೆ ರಜೆಯ ಲೆಕ್ಕ ಬಿಟ್ಟುಬಿಡಿ. ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ಏಪ್ರಿಲ್‌ನಲ್ಲೂ ಆಗಸ್ಟ್‌ನಲ್ಲೂ ಚಿಕ್ಕ ರಜೆ, ನವೆಂಬರ್-ಡಿಸೆಂಬರ್‌ನಲ್ಲಿ ದೊಡ್ಡ ರಜೆ. ಏಪ್ರಿಲ್ ಅಂದರೆ ಜೋರು ಮಳೆಯ ತಿಂಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿನ ಹತ್ತಿರ ಹತ್ತಿರ ಎರಡರಷ್ಟು. ಆಗಸ್ಟ್ ಕ್ಯಾಂಪಿಗೆ ಸ್ವೆಟರ್ ಬೇಕೇ ಬೇಕು.

ಇನ್ನೊಂದು ಮುಖ್ಯ ವಿಷಯ. ಅಲ್ಲಿ ಹೈಸ್ಕೂಲು ಮಕ್ಕಳಲ್ಲಿ ಬಹಳಷ್ಟು ಜನ ಬೋರ್ಡಿಂಗ್ ಶಾಲೆಯಲ್ಲಿರುತ್ತಾರೆ. ಶಾಲೆ ನಡೆಯುವಾಗ ಭಾನುವಾರದ ಆರಾಧನೆಯಲ್ಲಿ ಚಿಕ್ಕ ಮಕ್ಕಳು, ದೊಡ್ಡವರು ಕಾಣುತ್ತಾರೆ, ನಡುವಿನ ವಯಸ್ಸಿನವರೇ ಇರುವುದಿಲ್ಲ. ರಜೆ ಬಂತೆಂದರೆ ಒಂದೇ ವಾರದಲ್ಲಿ ಹಿಂದಿನ ಬೆಂಚುಗಳೆಲ್ಲ ಭರ್ತಿ. ಹಾಗಾಗಿ ಆ ದಿನಗಳನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಪಾಠ, ಕ್ವಿಜ್ ಅಂತ ತುಂಬಿಸಬೇಡಿ. ಅವರು ಆಗಷ್ಟೇ ಗಂಟೆ ಹೊಡೆದಂತೆ ಏಳುವ, ಊಟ ಮಾಡುವ ಜಾಗದಿಂದ ಬಂದಿರುತ್ತಾರೆ. ಮನೆ ಅನ್ನಿಸುವಂಥ ಒಂದು ಜಾಗ, ಕೂತು ಮಾತಾಡಲು ಹೊತ್ತು, ಇವೆರಡೇ ಅವರಿಗೆ ದೊಡ್ಡ ಉಡುಗೊರೆ.

ಅಲ್ಲಿ ನಮಗೆ ಇದಕ್ಕೆ ಅಡುಗೆಯಷ್ಟು ಒದಗಿದ್ದು ಬೇರೆ ಯಾವುದೂ ಇಲ್ಲ. ಕೆನ್ಯಾದಲ್ಲಿ ಚಪಾತಿ ಹಬ್ಬದ ಊಟ, ಹೆಸರೂ ಅದೇ. ಆದರೆ ಮಾಡುವುದು ಮೈದಾದಲ್ಲಿ. ಬಿಸಿನೀರಲ್ಲಿ ಕಲಸಿ, ಲಟ್ಟಿಸಿ, ಎಣ್ಣೆ ಸವರಿ, ಸುರುಳಿ ಸುತ್ತಿ ಇಟ್ಟು, ಮತ್ತೆ ಲಟ್ಟಿಸಿ ಬೇಯಿಸುತ್ತಾರೆ, ಪದರ ಪದರವಾಗಿ ಬರುತ್ತದೆ. ಹುಡುಗಿಯರು ನನಗೆ ಆ ಸುರುಳಿ ಸುತ್ತುವುದು ಕಲಿಸಿದರು, ಹುಡುಗರು ಸುಕುಮ ಸೊಪ್ಪು ಹೆಚ್ಚಿದರು. ಕೈ ಹಿಟ್ಟಿನಲ್ಲಿದ್ದಾಗ ಮಕ್ಕಳ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಪ್ಪನ ಕೆಲಸ ಹೋಗಿದ್ದು, ಪರೀಕ್ಷೆಯ ಹೆದರಿಕೆ, ಪ್ರಾರ್ಥನೆ ಮಾಡಲು ಮನಸ್ಸೇ ಬರದಿರುವುದು, ಇವೆಲ್ಲ ನಾನು ಕೇಳಿದ್ದು ಲಟ್ಟಣಿಗೆಯ ಮುಂದೆ.

ಹಾಡಿನ ವಿಷಯದಲ್ಲಿ ನೀವು ಹೋಗಿ ಕಲಿಸಬೇಕಾದ್ದು ಕಡಿಮೆ. ಕಯಾಂಬಾ ಅಂತ ಒಂದು ವಾದ್ಯವಿದೆ: ಜೊಂಡಿನ ಕಡ್ಡಿಗಳನ್ನು ಚಪ್ಪಟೆಯಾಗಿ ಹೆಣೆದು, ಒಳಗೆ ಬೀಜ ತುಂಬಿದ್ದು. ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ಹೆಬ್ಬೆರಳಲ್ಲಿ ತಾಳ ಹಾಕುತ್ತಾರೆ. ನಮ್ಮ ಕನ್ನಡ ಕೀರ್ತನೆ ಒಂದನ್ನು ಹೇಳಿಕೊಟ್ಟೆವು, ಮಧ್ಯಾಹ್ನದೊಳಗೆ ಅದಕ್ಕೆ ಕಯಾಂಬಾ, ಹೆಜ್ಜೆ, ಮೂರು ಬಗೆಯ ಸ್ವರ ಎಲ್ಲ ಸೇರಿತ್ತು.

ಒಂದು ದಿನ ಕರೂರಾ ಕಾಡಿಗೆ ಕರೆದುಕೊಂಡು ಹೋಗಿ. ಊರಿನ ಉತ್ತರಕ್ಕೆ ಸಾವಿರ ಹೆಕ್ಟೇರಿಗೂ ಮಿಗಿಲಾದ ಕಾಡು. ಕಟ್ಟಡ ಕಟ್ಟುವವರ ಪಾಲಾಗುತ್ತಿದ್ದ ಅದನ್ನು ಉಳಿಸಲು 1990ರ ದಶಕದ ಕೊನೆಯಲ್ಲಿ ಕೆನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾತಾಯಿ ಏಟು ತಿಂದು ಹೋರಾಡಿದರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕೆರೆಗಳು ಲೇಔಟ್ ಆಗಿದ್ದನ್ನು ನೋಡಿದ ಬೆಂಗಳೂರಿನವರು ಆ ಮರಗಳ ಕೆಳಗೆ ಮಕ್ಕಳ ಜೊತೆ ಮಾತಾಡಲು ಬೇಕಾದಷ್ಟಿದೆ, ಸೃಷ್ಟಿಯನ್ನು ಕಾಯುವ ಪಾಠಕ್ಕೆ ಬೇರೆ ಪುಸ್ತಕ ಬೇಡ. ಹೆತ್ತವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರಲಿ.

ಕೊನೆಯ ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ: ಅಲ್ಲಿನ ಯೂತ್ ಲೀಡರ್ ಇಪ್ಪತ್ತೆರಡರ ಹುಡುಗನಾಗಿದ್ದರೂ ಕಾರ್ಯಕ್ರಮ ಅವನದ್ದೇ ಆಗಿರಲಿ. ನೀವು ಒಂದು ದಿನ ವಾಪಸ್ ಬರುವವರು, ಸಭೆ ಅವರದ್ದು. ಈಗಲೇ ಅಲ್ಲಿನ ಸಭಾಪಾಲಕರಿಗೆ ಬರೆದು ರಜೆಯ ತಾರೀಕು ತರಿಸಿಕೊಳ್ಳಿ. ಹೊರಡುವ ಮುಂಚೆ ನಿಮ್ಮ ಸಭೆಯ ವಿಬಿಎಸ್‌ನಲ್ಲಿ, ಪಿಯುಸಿ ಮುಗಿಸಿದ ಯಾರಾದರೂ ಹುಡುಗಿ ಕ್ಲಾಸ್ ನಡೆಸುತ್ತಿದ್ದರೆ, ಅವಳಿಗೆ ಸಹಾಯಕರಾಗಿ ನಿಂತು ಅವಳು ಹೇಳಿದ ಕೆಲಸ ಮಾಡಿ ನೋಡಿ.