ಅಡಿಕೆ ಅಂಗಳದ ಕ್ಯಾಮೆರಾ, ಮನೆಯ ಫೈರ್‌ವಾಲ್

ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದೇವೆ. ಶಿವಮೊಗ್ಗದಲ್ಲಿರುವ ಮಗನೂ ನೋಡುವಂತಾಗಲೆಂದು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಪೋರ್ಟ್ ಎಂಬ ಸಂಖ್ಯೆಯ ಬಾಗಿಲಿಗೆ ಬಂದ ಹೊರಗಿನ ಕರೆಯನ್ನು ಕ್ಯಾಮೆರಾಕ್ಕೆ ದಾಟಿಸುವ ವ್ಯವಸ್ಥೆ) ಮಾಡಿದೆವು. ಆದರೆ ಹೊರಗಿನಿಂದ ಸಿಗುತ್ತಿಲ್ಲ. ರೂಟರ್‌ನ ಪುಟದಲ್ಲಿ ಹೊರಗಿನ ವಿಳಾಸ 100.72 ಎಂದು ಆರಂಭವಾಗುತ್ತದೆ. ನ್ಯಾಟ್ (ವಿಳಾಸ ಪರಿವರ್ತನೆ) ಇರುವುದರಿಂದ, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಬೇರೆ ಬೇಡವೆಂದು ಕ್ಯಾಮೆರಾ ಕೂರಿಸಿದವರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲ ತೊಡಕಿಗೆ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಐಪಿವಿ4 ಎಂಬ ಹಳೆಯ ಇಂಟರ್‌ನೆಟ್ ವಿಳಾಸ ಪದ್ಧತಿಯಲ್ಲಿರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಅವು ಸಾಲದಾದಾಗ, ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಲು ಅನುಕೂಲವಾಗಲೆಂದು 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್‌ನೆಟ್ ಒದಗಿಸುವ ಕಂಪನಿಗಳ ಒಳಬಳಕೆಗೆ 2012ರಲ್ಲಿ ಮೀಸಲಿಡಲಾಯಿತು. ನಿಮ್ಮ ರೂಟರ್‌ನ ಆಚೆ ಕಂಪನಿಯದೇ ಇನ್ನೊಂದು ವಿಳಾಸ ಪರಿವರ್ತನೆ ನಡೆಯುತ್ತಿರುವುದರಿಂದ, ನೀವು ತೆರೆದ ಪೋರ್ಟಿನವರೆಗೆ ಹೊರಗಿನ ಕರೆ ಬಂದು ಮುಟ್ಟುವುದೇ ಇಲ್ಲ. ಇದನ್ನು ನಾನು ಅದೃಷ್ಟವೆಂದೇ ಭಾವಿಸುತ್ತೇನೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ವಶಪಡಿಸಿಕೊಂಡದ್ದು ಇಂಥ ಕ್ಯಾಮೆರಾಗಳನ್ನು ಮತ್ತು ರೆಕಾರ್ಡರ್‌ಗಳನ್ನೇ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಾಗದೆ ಉಳಿದದ್ದೇ ಅದಕ್ಕೆ ದಾರಿಯಾಯಿತು. ಆ ಫಾರ್ವರ್ಡಿಂಗ್ ನಿಯಮವನ್ನು ದಯವಿಟ್ಟು ಇಂದೇ ಅಳಿಸಿ, ಕ್ಯಾಮೆರಾದ ಪಾಸ್‌ವರ್ಡನ್ನೂ ಬದಲಿಸಿ.

ಇನ್ನು ಕ್ಯಾಮೆರಾ ಕೂರಿಸಿದವರ ಮಾತು. ಮನೆಯೊಳಗಿನ 192.168.1.20 ಎಂಬ ಫೋನು ಹೊರಗೆ ಕೋರಿಕೆ ಕಳಿಸಿದಾಗ ರೂಟರ್ ಅದರ ವಿಳಾಸವನ್ನೂ, ಅಗತ್ಯವಿದ್ದರೆ ಪೋರ್ಟ್ ಸಂಖ್ಯೆಯನ್ನೂ ಬದಲಿಸಿ, ಬದಲಿಸಿದ್ದನ್ನು ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಆ ಪಟ್ಟಿ ನೋಡಿ ಸರಿಯಾದ ಸಾಧನಕ್ಕೆ ತಲುಪಿಸುತ್ತದೆ. ಪಟ್ಟಿಯಲ್ಲಿಲ್ಲದ ಕರೆಯನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ತಿಳಿಯದು. ಇದು ರಕ್ಷಣೆಯಂತೆ ಕಂಡರೂ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ತೀರ್ಮಾನ ಇದರಲ್ಲಿಲ್ಲ. ಮೇಲಾಗಿ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ಸಾಮಾನ್ಯವಾಗಿ ವಿಳಾಸ ಪರಿವರ್ತನೆಯೇ ಇರುವುದಿಲ್ಲ. ಪ್ರತಿ ಸಾಧನಕ್ಕೂ ಜಗತ್ತಿಗೆ ಕಾಣುವ ವಿಳಾಸ ಸಿಗುತ್ತದೆ. ನ್ಯಾಟನ್ನೇ ನಂಬಿ ಐಪಿವಿ6ರ ಫೈರ್‌ವಾಲನ್ನು ಆಫ್ ಮಾಡುವುದೆಂದರೆ ಒಂದು ಬದಿಗೆ ಬೇಲಿ ಕಟ್ಟಿ, ಇನ್ನೊಂದು ಬದಿಯ ಉಣಗೋಲನ್ನು ತೆಗೆದಿಟ್ಟಂತೆ.

ಆದ್ದರಿಂದ ರೂಟರ್‌ನ ಫೈರ್‌ವಾಲ್ ಪುಟದಲ್ಲಿ ಐಪಿವಿ4, ಐಪಿವಿ6 ಎರಡಕ್ಕೂ ಒಂದೇ ಮೂಲ ನಿಯಮವಿರಲಿ: ಒಳಗಿನವರು ಆರಂಭಿಸಿದ ಸಂಪರ್ಕಗಳ ಉತ್ತರ ಒಳಬರಲಿ, ಹೊರಗಿನಿಂದ ಹೊಸದಾಗಿ ಆರಂಭವಾಗುವುದೆಲ್ಲ ನಿಲ್ಲಲಿ. ಐಪಿವಿ6 ಜಾಲದ ತೊಡಕುಗಳನ್ನು ತಿಳಿಸುವ ಐಸಿಎಂಪಿವಿ6 ಸಂದೇಶಗಳನ್ನು ಮಾತ್ರ ಸಾರಾಸಗಟಾಗಿ ತಡೆಯಬೇಡಿ. ಪ್ಯಾಕೆಟ್ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕು) ದೊಡ್ಡದಾಯಿತೆಂಬ ಸೂಚನೆ ಅದರಲ್ಲಿಯೇ ಬರುವುದರಿಂದ, ಅದನ್ನು ತಡೆದರೆ ಕೆಲವು ಜಾಲತಾಣಗಳು ಅರ್ಧಕ್ಕೇ ನಿಂತುಬಿಡುತ್ತವೆ. ಒಳಗಿನ ಸಾಧನ ತಾನಾಗಿಯೇ ಪೋರ್ಟ್ ತೆರೆಸಿಕೊಳ್ಳಲು ಬಿಡುವ ಯುಪಿಎನ್‌ಪಿ ಸೌಲಭ್ಯವನ್ನೂ, ಹೊರಗಿನಿಂದ ರೂಟರ್ ನಿರ್ವಹಿಸುವ ಸೌಲಭ್ಯವನ್ನೂ ಆಫ್ ಮಾಡಿ. ಸಾಧ್ಯವಿದ್ದರೆ ಕ್ಯಾಮೆರಾವನ್ನು ಮನೆಯ ಇತರ ಸಾಧನಗಳಿಂದ ಬೇರೆಯಾಗಿರುವ ಅತಿಥಿ ಜಾಲಕ್ಕೆ ಸೇರಿಸಿ.

ಮಗ ನೋಡುವುದು ಹೇಗೆ? ನಿಮ್ಮ ಮನೆಗೂ ಅವರ ಮೊಬೈಲಿಗೂ ಐಪಿವಿ6 ಇದ್ದು, ರೂಟರ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಗುಪ್ತ ದಾರಿ) ಸೌಲಭ್ಯವಿದ್ದರೆ ಅದೊಂದಕ್ಕೆ ಮಾತ್ರ ಯುಡಿಪಿ ಎಂಬ ರವಾನೆ ವಿಧಾನದ ಒಂದು ಪೋರ್ಟ್ ತೆರೆಯಿರಿ. ಅದು ಸರಿಯಾದ ಕೀಲಿ ಇಲ್ಲದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಐಪಿವಿ6 ಇಲ್ಲದಿದ್ದರೆ ಕಂಪನಿಯಿಂದ ಸಾರ್ವಜನಿಕ ಸ್ಥಿರ ವಿಳಾಸವನ್ನು ಕೇಳಿ ಪಡೆಯಬಹುದು. ಕ್ಯಾಮೆರಾ ತಯಾರಕರ ಆ್ಯಪ್ ಸುಲಭವಾದರೂ, ಅದರಲ್ಲಿ ನಿಮ್ಮ ಅಂಗಳದ ದೃಶ್ಯ ಬೇರೆಯವರ ಸರ್ವರ್ ಮೂಲಕ ಹಾದುಹೋಗಬಹುದೆಂಬುದು ನೆನಪಿರಲಿ.

ಎಲ್ಲವನ್ನೂ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದಲೇ ಪರೀಕ್ಷಿಸಿ. ನಮ್ಮ ಕಡೆಯ ಗುಡುಗು ಸಿಡಿಲಿಗೆ ರೂಟರ್ ಸುಟ್ಟುಹೋದರೆ, ಬದಲಿಗೆ ಬರುವ ಹೊಸದರಲ್ಲಿ ನಿಮ್ಮ ಈ ಬದಲಾವಣೆಗಳು ಯಾವುವೂ ಇರುವುದಿಲ್ಲ. ಹಾಗಾಗಿ ಮಾಡಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಮನೆಯಲ್ಲಿಟ್ಟುಕೊಳ್ಳಿ.