ಬೆಂಚ್‌ರೆಸ್ಟ್ ರೈಫಲ್ ಮೂತಿಯ ಕಡೆಗೆ ವಾಲುತ್ತಿದ್ದರೆ ಬಟ್‌ಗೆ ತೂಕ ಸೇರಿಸಬೇಕೇ?

ಬಹುತೇಕ ಸಂದರ್ಭಗಳಲ್ಲಿ ಸೇರಿಸಬೇಕು. ಬೆಂಚ್‌ರೆಸ್ಟ್ ಎಂದರೆ ರೈಫಲನ್ನು ಮೇಜಿನ ಮೇಲೆ ಮುಂದೊಂದು ಆಸರೆ, ಹಿಂದೊಂದು ಮರಳುಚೀಲದ ಮೇಲಿಟ್ಟು ಗುರಿಗೆ ಹೊಡೆಯುವ ಸ್ಪರ್ಧೆ; ಬಟ್ ಎಂದರೆ ಭುಜದ ಕಡೆಗಿರುವ ರೈಫಲಿನ ಹಿಂಭಾಗ, ಮೂತಿ ಎಂದರೆ ನಳಿಗೆಯ ಮುಂತುದಿ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ರೈಫಲ್ ಹಿಂದಕ್ಕೆ ಚಲಿಸತೊಡಗುವುದರಿಂದ, ಆ ಮೊದಲ ಚಲನೆ ಪ್ರತಿ ಬಾರಿಯೂ ಒಂದೇ ರೀತಿ ಇರುವುದು ಬಹಳ ಮುಖ್ಯ. ದಪ್ಪ ನಳಿಗೆಯ ಭಾರವೆಲ್ಲ ಮುಂದಿನ ಆಸರೆಯ ಮೇಲೆಯೇ ಬಿದ್ದರೆ, ಹಿಂದಿನ ಮರಳುಚೀಲದ ಮೇಲೆ ಬಟ್ ಗಟ್ಟಿಯಾಗಿ ಕೂರದೆ ಅತ್ತಿತ್ತ ಸರಿಯುತ್ತದೆ. ಹಿಂಭಾರ ಅತಿಯಾದರೆ ಮುಂಭಾಗ ಆಸರೆಯಿಂದ ಮೇಲೇಳುತ್ತದೆ.

ಆದರೆ ಪಂದ್ಯದ ತೂಕದ ಮಿತಿಯನ್ನು ಮರೆಯುವಂತಿಲ್ಲ. 1967ರಲ್ಲಿ ಆರಂಭವಾದ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಕ್ಲಬ್‌ನ 1,000 ಗಜಗಳ ಸ್ಪರ್ಧೆಯಲ್ಲಿ ಹಗುರ ವರ್ಗದ ರೈಫಲ್, ದೂರದರ್ಶಕವೂ ಸೇರಿ, 17 ಪೌಂಡ್ (ಸುಮಾರು 7.7 ಕೆ.ಜಿ.) ಮೀರುವಂತಿಲ್ಲ. ಮಿತಿ ಹತ್ತಿರವಾದಾಗ ತೂಕ ಸೇರಿಸುವುದಕ್ಕಿಂತ ನಳಿಗೆಯನ್ನು ಸ್ವಲ್ಪ ಮೊಟಕುಗೊಳಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ತೂಕಕ್ಕಾಗಿ ಸೇರಿಸುವ ಸೀಸವನ್ನು ಬಟ್‌ನ ಹಿಂತುದಿಯಲ್ಲಿ, ಆದಷ್ಟು ಕೆಳಗೆ, ಅಲುಗಾಡದಂತೆ ಬಿಗಿಯಾಗಿ ಕೂರಿಸಬೇಕು. ಸಡಿಲವಾದ ಸೀಸದ ಗುಂಡುಗಳು ಪ್ರತಿ ಹೊಡೆತಕ್ಕೂ ಜಾಗ ಬದಲಿಸುತ್ತವೆ. ಆಮೇಲೆ, ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ದೂರದರ್ಶಕದಲ್ಲಿ ನೋಡುತ್ತಾ ರೈಫಲನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ಜಾರಿಸಿ. ದೂರದರ್ಶಕದೊಳಗೆ ಕಾಣುವ ಲಂಬ ಗೆರೆ ಗುರಿಯಿಂದ ಪಕ್ಕಕ್ಕೆ ಸರಿದರೆ, ಮುಂದಿನ ಆಸರೆಯೂ ಹಿಂದಿನ ಚೀಲವೂ ಒಂದೇ ನೇರದಲ್ಲಿಲ್ಲವೆಂದು ತಿಳಿಯಬೇಕು. ಅಡ್ಡ ಗೆರೆ ಏರಿಳಿದರೆ, ಬಟ್‌ನ ಕೆಳ ಅಂಚು ನಳಿಗೆಗೆ ಸಮಾನಾಂತರವಾಗಿಲ್ಲವೆಂದರ್ಥ, ಅದನ್ನು ತೂಕದಿಂದ ಸರಿಪಡಿಸಲಾಗದು.