ರಾತ್ರಿ ಹತ್ತಕ್ಕೆ ಬರುವ ಆದೇಶ

ಪ್ರಶ್ನೆ: ನಾನು ಕಂದಾಯ ಇಲಾಖೆಯಲ್ಲಿ ಗ್ರಾಮ ಆಡಳಿತ ಅಧಿಕಾರಿ. ನನ್ನ ವೃತ್ತದ ಜೊತೆಗೆ ಪಕ್ಕದ ವೃತ್ತದ ಪ್ರಭಾರವೂ ಒಂದು ವರ್ಷದಿಂದ ನನ್ನ ಮೇಲಿದೆ. ಪಹಣಿಗೆ ಆಧಾರ್ ಜೋಡಣೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಬೆಳೆ ಸಮೀಕ್ಷೆ ಎಂದು ಕೆಲಸಗಳು ಒಂದರ ಮೇಲೊಂದು ಬರುತ್ತಿರುತ್ತವೆ; ಪ್ರಗತಿ ಎಷ್ಟಾಯಿತೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತಕ್ಕೂ ಕೇಳುತ್ತಾರೆ. ನಿದ್ದೆ ಬರುತ್ತಿಲ್ಲ, ಐದು ವರ್ಷದ ಮಗಳ ಮೇಲೆ ವಿನಾಕಾರಣ ರೇಗುತ್ತೇನೆ. ರಜೆ ಕೇಳಲು ಭಯ. ರಾಜೀನಾಮೆ ಕೊಡಲೇ?
- ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಇದನ್ನು ನಿಮ್ಮೊಬ್ಬರ ಕೈಲಾಗದತನವೆಂದು ತಿಳಿಯಬೇಡಿ. 2024ರ ಸೆಪ್ಟೆಂಬರಿನಲ್ಲಿಯೂ 2025ರ ಫೆಬ್ರುವರಿಯಲ್ಲಿಯೂ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ, ಹತ್ತಾರು ಆ್ಯಪ್‌ಗಳ ಹೊರೆ ಮತ್ತು ರಜಾದಿನದ ಕೆಲಸ ಅವರ ಮುಖ್ಯ ಅಹವಾಲುಗಳಲ್ಲಿ ಸೇರಿದ್ದವು.

ನನಗೆ ಕಾಣುವ ತೊಡಕೆಂದರೆ, ನಿಮ್ಮ ಹೊರೆ ಎಲ್ಲಿಯೂ ದಾಖಲಾಗಿಲ್ಲ. ಆದೇಶ ಮೊಬೈಲಿಗೆ ಬರುತ್ತದೆ, ಕೆಲಸ ಮೊಬೈಲಿನಲ್ಲೇ ಮುಗಿಯುತ್ತದೆ. ಪ್ರಭಾರದ ಆದೇಶವೊಂದನ್ನು ಬಿಟ್ಟರೆ ಕಡತದಲ್ಲಿ ನಿಮ್ಮ ಕಷ್ಟದ ಸುಳಿವೇ ಇರುವುದಿಲ್ಲ. ಆದ್ದರಿಂದ ಎರಡು ವಾರ ಯಾವ ಸೂಚನೆ ಎಷ್ಟು ಹೊತ್ತಿಗೆ ಬಂತು, ಯಾವ ಕೆಲಸಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಬರೆದಿಟ್ಟು, ಯಾವ ಕೆಲಸಕ್ಕೆ ಮೊದಲ ಆದ್ಯತೆ ಕೊಡಬೇಕೆಂದು ಲಿಖಿತವಾಗಿ ತಿಳಿಸುವಂತೆಯೂ ಪ್ರಭಾರದಿಂದ ಬಿಡುಗಡೆ ಮಾಡುವಂತೆಯೂ ಕೋರಿ ತಹಶೀಲ್ದಾರರಿಗೆ ಮನವಿ ಕೊಟ್ಟು, ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಪಡೆಯಿರಿ. ದೂರಿನ ಧಾಟಿ ಬೇಡ. ಮುಂದೊಂದು ದಿನ ಕಾರಣ ಕೇಳಿ ನೋಟಿಸ್ ಬಂದರೆ ಆ ಕಾಗದವೇ ನಿಮ್ಮ ಪರವಾಗಿ ಮಾತನಾಡುತ್ತದೆ.

ನಿದ್ದೆಯ ವಿಷಯ ಮಾತ್ರ ಮನವಿಗೆ ಕಾಯುವಂಥದ್ದಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಒಮ್ಮೆ ಕಾಣಿರಿ. ಅವರು ವಿಶ್ರಾಂತಿ ಬೇಕೆಂದು ಪ್ರಮಾಣಪತ್ರ ಕೊಟ್ಟರೆ ಪರಿವರ್ತಿತ ರಜೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ 20 ದಿನದಂತೆ ನಿಮ್ಮ ಲೆಕ್ಕಕ್ಕೆ ಜಮೆಯಾಗುವ ಅರ್ಧ ವೇತನ ರಜೆಯಲ್ಲಿ ಎರಡು ದಿನ ಕಳೆದು, ಪೂರ್ಣ ವೇತನದ ಒಂದು ದಿನ ಕೊಡುವ ಏರ್ಪಾಡು ಅದು. ರಜೆಯನ್ನು ಹಕ್ಕೆಂದು ಕೇಳಲಾಗದು ಎಂಬ ಮಾತನ್ನು ಮೇಲಧಿಕಾರಿಗಳು ಆಗಾಗ ನೆನಪಿಸುತ್ತಾರೆ. ನಿಯಮವೇನೋ ಹಾಗೆಯೇ ಇದೆ. ಆದರೆ ಕೇಳಲೇಬಾರದೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಮೇಲಿನವರಿಗೂ ಒಂದು ಮಾತು ಹೇಳಬೇಕು. ತುರ್ತೆಂದರೆ ನೆರೆ, ಬೆಂಕಿ, ಚುನಾವಣೆ. ನಾಳೆ ಬೆಳಿಗ್ಗೆ ನೋಡಬಹುದಾದ ಅಂಕಿಅಂಶವನ್ನು ರಾತ್ರಿಯೇ ಕೇಳುವುದರಿಂದ ಒಂದು ಪಹಣಿಯೂ ಬೇಗ ತಿದ್ದುಪಡಿಯಾಗುವುದಿಲ್ಲ.

ರಾಜೀನಾಮೆಯನ್ನು ಈಗ ಯೋಚಿಸಬೇಡಿ. ನಿದ್ದೆಗೆಟ್ಟ ತಿಂಗಳಿನಲ್ಲಿ ತೆಗೆದುಕೊಳ್ಳುವ ತೀರ್ಮಾನವಲ್ಲ ಅದು. ರಾಜ್ಯದ ಮಹಿಳಾ ನೌಕರರಿಗೆ 2021ರಿಂದ ಸೇವಾವಧಿಯಲ್ಲಿ ಒಟ್ಟು 180 ದಿನಗಳ ಶಿಶುಪಾಲನಾ ರಜೆಯ ಅವಕಾಶವಿದೆ. ನಿಮ್ಮ ಮಗಳಿಗಿನ್ನೂ ಐದೇ ವರ್ಷ. ಆ ರಜೆಯ ಒಂದು ಭಾಗವನ್ನು ಈ ವರ್ಷವೇ ಕೇಳಿ ನೋಡಿ.